ಚಾವಿ ಕಿಸೆಯಲ್ಲಿದ್ದರೂ ಏರುವ ಗ್ಲಾಸು

ಲಿಂಗಸುಗೂರು
ತಾ. 15-3-1998, ರವಿವಾರ
ರಾತ್ರಿ ಒಂದೂ ಮುಕ್ಕಾಲು

ಪ್ರೀತಿಯ ಗದ್ದಿಯ ಅಪ್ಪನಿಗೆ ಅಮರಮ್ಮನ ನಮಸ್ಕಾರಗಳು.

ಒಂದೂವರೆಗೆ ಎಚ್ಚರವಾಯಿತು. ಗೋಡೆಯಾಚೆಯ ತೋಟದ ಬಾವಿಯಲ್ಲಿ ಮೋಟರು ಗುಂಯ್ ಎಂದು ಶುರುವಾದ ಸದ್ದು ಕೇಳಿ ಎದ್ದು ಕುಳಿತವಳು ಮತ್ತೆ ತಲೆ ಇಡಲಿಲ್ಲ. ಲೈಟು ಹಾಕಿ, ಕೂಸಿನ ಕಣ್ಣಿಗೆ ಬೆಳಕು ಬೀಳದ ಹಾಗೆ ತೊಟ್ಟಿಲಿಗೆ ಸೀರೆ ಹೊದಿಸಿ, ಇದನ್ನು ಬರೆಯುತ್ತಿದ್ದೇನೆ. ಮೊದಲು ಕ್ಷೇಮ ಕೇಳಬೇಕು, ಆಮೇಲೆ ಸುದ್ದಿ ಹೇಳಬೇಕು ಎಂಬುದು ನನಗೂ ಗೊತ್ತು. ಆದರೆ ಮುಂದಿನ ಸಾಲು ಓದುವ ಮೊದಲು ಒಂದು ಕೆಲಸ ಮಾಡಿರಿ. ಗದ್ದಿ ಎಲ್ಲಿದ್ದಾಳೆ ನೋಡಿರಿ. ಹಾಸಿಗೆಯಲ್ಲಿದ್ದರೆ ಸರಿ. ಕಾರಿನಲ್ಲಿ ಕೂರಿಸಿದ್ದರೆ ಕೂಡಲೇ ಇಳಿಸಿರಿ. ಚಾವಿ ನನ್ನ ಕಿಸೆಯಲ್ಲೇ ಇದೆ ಎಂದು ಸುಮ್ಮನಿರಬೇಡಿರಿ. ಚಾವಿ ಇಲ್ಲದಿದ್ದರೂ ಆ ಕಾರಿನ ಗ್ಲಾಸುಗಳು ಈಗ ಏರುತ್ತವೆ, ಅದೂ ಮೊದಲಿನಂತೆ ಮೆಲ್ಲಗಲ್ಲ, ಅಡ್ಡ ಬಂದದ್ದನ್ನು ಹಿಸುಕುತ್ತ ಏರುತ್ತವೆ.

ಈಗ ಕೇಳುತ್ತೇನೆ. ನಿಮ್ಮ ಸೊಂಟದ ನೋವು ಹೇಗಿದೆ? ಬ್ಯಾಂಕಿನಲ್ಲಿ ಮಾರ್ಚ್ ತಿಂಗಳ ಕೆಲಸವೆಂದು ದಿನವಿಡೀ ಕುರ್ಚಿ ಬಿಟ್ಟು ಏಳುತ್ತಿಲ್ಲವೆಂದು ನಿಮ್ಮ ತಮ್ಮ ವೆಂಕೋಬ ಹೇಳಿದ. ಅತ್ತೆಯವರು ಕಣ್ಣಿಗೆ ಹನಿ ಹಾಕಿಕೊಳ್ಳುತ್ತಿದ್ದಾರೆಯೇ, ಅಥವಾ ಶೀಸೆಯನ್ನು ದೇವರ ಜಗುಲಿಯ ಮೇಲೆ ಇಟ್ಟು ಕೈ ಮುಗಿಯುತ್ತಿದ್ದಾರೆಯೇ? ನಾವಿಬ್ಬರೂ ಇಲ್ಲಿ ಕ್ಷೇಮ. ಕೂಸಿನ ಕೆಮ್ಮು ಇಳಿದಿದೆ. ಬಜೆ ತೇಯ್ದು ನೆಕ್ಕಿಸಿದ್ದಕ್ಕೆ ಇಳಿಯಿತು ಎಂದು ಅವ್ವ, ಡಾಕ್ಟರರ ಔಷಧಿಗೆ ಇಳಿಯಿತು ಎಂದು ನಾನು. ಇಬ್ಬರಲ್ಲಿ ಯಾರೂ ಸೋತಿಲ್ಲ. ಗದ್ದಿಯನ್ನು ನೋಡಿ ಇವತ್ತಿಗೆ ನಲವತ್ತೆರಡು ದಿನ. ಅವಳಿಗೆ ಮುಂದಿನ ಹಲ್ಲು ಅಲುಗಾಡುತ್ತಿದೆ ಎಂದು ವೆಂಕೋಬ ಹೇಳಿದಾಗ, ನಾಲ್ಕು ವರ್ಷಕ್ಕೆಲ್ಲ ಹಲ್ಲು ಅಲುಗಾಡುತ್ತದೆಯೇ, ಎಲ್ಲಿ ಬಿದ್ದಳು, ಏನಾಯಿತು ಎಂದು ಹತ್ತು ಸಲ ಕೇಳಿದೆನಂತೆ. ಅವನು ನಕ್ಕ.

ನಡುರಾತ್ರಿ ಕಾಗದ ಏಕೆ, ಫೋನ್ ಮಾಡಬಾರದಿತ್ತೇ ಎನ್ನುತ್ತೀರಿ. ಅಪ್ಪನ ಮನೆಯ ಫೋನು ನಿಮಗೆ ಗೊತ್ತೇ ಇದೆ: ಹೊರಗಿನಿಂದ ಬಂದದ್ದು ಬರುತ್ತದೆ, ಇಲ್ಲಿಂದ ಊರಾಚೆಗೆ ಹೋಗುವುದಿಲ್ಲ. ಎಸ್.ಟಿ.ಡಿ. ಹಾಕಿಸಿದರೆ ಮಕ್ಕಳು ಕೈಗೆ ಬಂದ ನಂಬರು ತಿರುಗಿಸುತ್ತಾರೆಂದು ಅಪ್ಪ ಹಾಕಿಸಲಿಲ್ಲ. ಟ್ರಂಕ್ ಕರೆ ಬುಕ್ ಮಾಡೋಣವೆಂದು ಮೂರು ಸಲ ತಿರುಗಿಸಿದೆ, ಯಾರೂ ಎತ್ತಲಿಲ್ಲ. ಎತ್ತಿದ್ದರೂ ಎಲ್ಲಿಗೆ ಮಾಡಲಿ? ನಮ್ಮ ಮನೆಯಲ್ಲಿ ಫೋನಿಲ್ಲ, ಎದುರಿನ ರೈಸ್‌ಮಿಲ್ಲಿನ ಆಫೀಸಿಗೆ ಈ ಹೊತ್ತಿನಲ್ಲಿ ಬೀಗ. ಅಪ್ಪ ಸ್ಕೂಟರ್ ತೆಗೆದುಕೊಂಡು ಗುರುಗುಂಟಾದ ಹೊಲಕ್ಕೆ ಹೋದವರು ಅಲ್ಲೇ ಉಳಿದಿದ್ದಾರೆ. ಮೊದಲ ಬಸ್ಸು ಐದೂವರೆಗೆ, ಅದು ಮಸ್ಕಿ ದಾಟಿ ಸಿಂಧನೂರು ಮುಟ್ಟುವ ಹೊತ್ತಿಗೆ ನೀವು ಹೊರಟಿರುತ್ತೀರಿ. ಉಳಿದದ್ದು ಪೇಪರಿನ ವ್ಯಾನು ಒಂದೇ. ಪಕ್ಕದ ಮನೆಯ ಕರಿಬಸಯ್ಯನವರು ಇಲ್ಲಿಯ ಪೇಪರ್ ಏಜೆಂಟರು. ಹುಬ್ಬಳ್ಳಿಯಿಂದ ಬರುವ ವ್ಯಾನಿನಿಂದ ಕಟ್ಟು ಇಳಿಸಿಕೊಳ್ಳಲು ಅವರು ಮೂರು ಗಂಟೆಗೆ ಬಸ್‌ಸ್ಟ್ಯಾಂಡಿಗೆ ಹೋಗುತ್ತಾರೆ. ಅದೇ ವ್ಯಾನು ಮಸ್ಕಿಯಲ್ಲಿ ನಿಂತು ನಾಲ್ಕೂವರೆಗೆ ಸಿಂಧನೂರಿಗೆ ಬರುತ್ತದೆ, ಅಲ್ಲಿಯ ಏಜೆಂಟರ ಅಂಗಡಿ ನಮ್ಮ ಓಣಿಯ ಮೂಲೆಯಲ್ಲೇ ಇದೆ, ಅವರು ಇದನ್ನು ನಿಮ್ಮ ಕೈಗೆ ಮುಟ್ಟಿಸುತ್ತಾರೆ. ಅವ್ವನನ್ನು ಎಬ್ಬಿಸಿ ಕಳಿಸಿ ಅವರ ಬಾಗಿಲು ಬಡಿಸಿದೆ. ಬೈಯಲಿಲ್ಲ. ಮೂರಕ್ಕೆ ಐದು ನಿಮಿಷವಿರುವಾಗ ಸೈಕಲ್ ತೆಗೆಯುತ್ತೇನೆ, ಕಾಗದ ಬರೆದಿಡಲು ಹೇಳು ಎಂದರಂತೆ. ಹೀಗಾಗಿ ನನ್ನ ಬಳಿ ಒಂದು ಗಂಟೆ ಇದೆ, ಬರೆಯುವುದು ಬಿಟ್ಟರೆ ಮಾಡಲು ಬೇರೇನೂ ಇಲ್ಲ.

ಎರಡು ಸಾಲಿನ ಚೀಟಿ ಸಾಕಿತ್ತು ಎಂದೂ ಅನ್ನಬಹುದು. ಎರಡು ಸಾಲು ಬರೆದರೆ ನೀವು ನಂಬುವುದಿಲ್ಲ. ಎರಡು ವರ್ಷದ ಹಿಂದೆ ನೀವು ರಾಯಚೂರಿಗೆ ಟ್ರೇನಿಂಗಿಗೆ ಹೋದಾಗ, ಗದ್ದಿ ಮಣಿಸರದ ಮಣಿ ನುಂಗಿದ್ದಾಳೆ ಕೂಡಲೇ ಬನ್ನಿ ಎಂದು ನಾನು ತಂತಿ ಕೊಟ್ಟದ್ದು, ನೀವು ಮೆಣಸಿನಕಾಯಿ ಲಾರಿಯಲ್ಲಿ ಕೆಮ್ಮುತ್ತ ಸೀನುತ್ತ ಬಂದದ್ದು, ಬಂದ ಮೇಲೆ ಮಣಿ ಮಂಚದ ಕಾಲಿನ ಹತ್ತಿರ ಸಿಕ್ಕದ್ದು, ಇದನ್ನು ಮನೆಗೆ ಬಂದ ಪ್ರತಿಯೊಬ್ಬ ಬೀಗರಿಗೂ ಹೇಳಿ ನಗಿಸಿದ್ದೀರಿ. ನಾನೂ ನಕ್ಕಿದ್ದೇನೆ. ಆಗ ಮಣಿ ನುಂಗಿದ್ದನ್ನು ನಾನು ನೋಡಿರಲಿಲ್ಲ, ಅಂದುಕೊಂಡಿದ್ದೆ ಅಷ್ಟೇ. ಈ ಸಲ ಅಂದುಕೊಂಡದ್ದು ಏನೂ ಇಲ್ಲ, ಎಲ್ಲವನ್ನೂ ಕಣ್ಣಾರೆ ನೋಡಿದ್ದೇನೆ. ಬಾಣಂತಿಗೆ ನಿದ್ದೆಯಿಲ್ಲ, ಏನೇನೋ ಕಾಣುತ್ತದೆ ಎಂದು ಕಾಗದ ಮಡಚಿ ಕಿಸೆಗೆ ಹಾಕಿಕೊಳ್ಳಬಾರದೆಂದೇ ಮೊದಲಿನಿಂದ ಹೇಳುತ್ತೇನೆ.

ಆ ಕಾರನ್ನು ಕಾಲುವೆ ಕೆಲಸದ ಕ್ಯಾಂಪಿನ ಗುತ್ತಿಗೆದಾರರಿಂದ ಕೊಂಡು ತಂದ ದಿನ ನೆನಪಿದೆಯೇ? ಗುಂಡಿ ಒತ್ತಿದರೆ ಗ್ಲಾಸು ತಾನೇ ಏರುವ ಕಾರು ನಮ್ಮ ಓಣಿಗೆ ಅದೇ ಮೊದಲು. ಮದುವೆ ಬಾಡಿಗೆಗೆ ಓಡಿಸುತ್ತೇನೆಂದು ವೆಂಕೋಬ ಕುಣಿದಾಡಿದ. ಮರುದಿನವೇ ಗೊತ್ತಾಯಿತು, ಗ್ಲಾಸು ಏರುವುದಕ್ಕೆ ಒಂದರಿಂದ ನಲವತ್ತು ಎಣಿಸಬೇಕು, ಮೂವತ್ತಕ್ಕೆ ಬಂದಾಗ ಮೇಲಿನ ಅಂಚನ್ನು ಹಿಡಿದು ಎಳೆಯಲೂಬೇಕು. ಮಿಲ್ಲಿನ ತೌಡಿನ ಧೂಳು ಸಂದಿಯಲ್ಲಿ ಸೇರಿದೆ ಎಂದು ನೀವು. ಅದಕ್ಕೆ ಅತ್ತೆಯವರು ಕೊಟ್ಟ ಸಲಹೆ ಇನ್ನೂ ಕಿವಿಯಲ್ಲಿದೆ: “ಎಣ್ಣಿ ಹಚ್ಚಿದ್ರ ಬಂಡಿ ಗಾಲಿ ತಿರಗತೈತಿ, ಈ ಗಾಜು ಏರಂಗಿಲ್ಲೇನು?” ಕುಸುಬೆ ಎಣ್ಣೆಯಲ್ಲಿ ಬಟ್ಟೆ ಅದ್ದಿ ನಾಲ್ಕೂ ಬಾಗಿಲಿನ ರಬ್ಬರಿಗೆ ನಾವೇ ಹಚ್ಚಿದೆವು. ಎರಡು ದಿನ ಏರಿತು. ಆಮೇಲೆ ಎಣ್ಣೆಗೆ ತೌಡು ಹಿಡಿದು ರಬ್ಬರಿನ ಕಾಲುವೆಯಲ್ಲಿ ಹಿಟ್ಟು ನಾದಿ ತುಂಬಿದ ಹಾಗೆ ಆಯಿತು, ನಲವತ್ತು ಹೋಗಿ ಅರವತ್ತು ಎಣಿಸುವ ಕಾಲ ಬಂತು. ಆದರೂ ಯಾರಿಗೂ ತ್ರಾಸವಾಗಿರಲಿಲ್ಲ. ನಮ್ಮ ಊರಿನಲ್ಲಿ ಗ್ಲಾಸು ಏರಿಸುವ ಚಳಿ ಎಲ್ಲಿದೆ.

ಏರಲೇಬೇಕೆಂದು ಪಟ್ಟು ಹಿಡಿದವಳು ನನ್ನ ಅವ್ವ. ಮೂರನೇ ತಿಂಗಳಲ್ಲಿ ನನ್ನನ್ನು ಕಳಿಸಲು ಈ ರವಿವಾರ ಗೊತ್ತಾದಾಗ ಅವಳು ಎದುರಿಗೆ ನೀವಿದ್ದೀರಿ ಎಂಬುದನ್ನೂ ನೋಡದೆ ಹೇಳಿದಳಲ್ಲ, “ಗಾಜು ಏರದ ಗಾಡ್ಯಾಗ ಹಸಿ ಮೈಯಿನ ಮಗಳ್ನ, ಕೆಮ್ಮೋ ಕೂಸಿನ್ನ ನಾ ಕಳಸಂಗಿಲ್ಲ. ಬೇಕಂದ್ರ ಬಂಡಿ ಕಟ್ಟಿಸ್ತೀನಿ, ಅದಕ್ಕ ತಟ್ಟಿನಾದ್ರೂ ಇರತೈತಿ” ಎಂದು. ಈ ರವಿವಾರ ತಪ್ಪಿದರೆ ಯುಗಾದಿ ಕಳೆದ ಮೇಲೇ ಎಂಬುದೂ ಅವಳದೇ ಮಾತು. ನೀವು ಹೋದ ರವಿವಾರ ಕಾರನ್ನು ಇಲ್ಲೇ ಬಿಟ್ಟು, ರಿಪೇರಿ ಮಾಡಿಸು ಎಂದು ನನಗೆ ಹೇಳಿ, ಬಸ್ಸಿಗೆ ಹೋದಿರಿ. ಕರೆದುಕೊಂಡು ಹೋಗಲು ಗಂಡನ ಮನೆಯವರು ಬಂದೇ ಬರಬೇಕಾದ್ದರಿಂದ, ಶನಿವಾರ ವೆಂಕೋಬ ಬಂದು ಕಾರು ಒಯ್ಯುವುದು, ರವಿವಾರ ನೀವು, ಅತ್ತೆಯವರು, ಗದ್ದಿ ಅದರಲ್ಲೇ ಬರುವುದು ಎಂದು ಮಾತಾಗಿತ್ತು. ಇಷ್ಟು ನಿಮಗೆ ಗೊತ್ತಿರುವ ಭಾಗ.

ಗೊತ್ತಿಲ್ಲದ ಭಾಗ ಇನ್ನು ಮುಂದೆ. ಗೌಸ್‌ಸಾಬ್ ಎಂಬ ಎಲೆಕ್ಟ್ರಿಷಿಯನ್ ಬುಧವಾರ ಬಂದ. ಒಳ್ಳೆಯ ಕೆಲಸಗಾರ, ಅವನ ಮೇಲೆ ಸಿಟ್ಟಾಗಬೇಡಿರಿ. ನಮ್ಮ ಅಂಗಳದಲ್ಲೇ ಕಾರು ನಿಲ್ಲಿಸಿಕೊಂಡು, ಬಾಗಿಲುಗಳ ಒಳಹೊದಿಕೆ ಬಿಚ್ಚಿ, ನಾವು ಹಚ್ಚಿದ ಎಣ್ಣೆಯನ್ನೆಲ್ಲ ಸೋಪಿನ ನೀರಿನಲ್ಲಿ ತೊಳೆದು ತೆಗೆದ. ರಬ್ಬರ್ ಒಣಗಿದ ಮೇಲೆ ಕೇರಂ ಬೋರ್ಡಿಗೆ ಹಾಕುವ ಪೌಡರು ಉದುರಿಸಿದ. ನಾನು ಕಿವಿಗೆ ಸ್ಕಾರ್ಫ್ ಸುತ್ತಿಕೊಂಡು ಬಾಣಂತಿ ಕೋಣೆಯ ಕಿಟಕಿಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದೆ. ಅರವತ್ತು ಹೋಗಿ ಮೂವತ್ತಾಯಿತು, ಅದಕ್ಕಿಂತ ಕಡಿಮೆ ಆಗಲಿಲ್ಲ. ಮೋಟರ್ ಕೆಟ್ಟಿರಬೇಕು ಎಂದೆ. ಅವನು ಒಂದು ಬಲ್ಬಿಗೆ ಎರಡು ವೈರು ಕಟ್ಟಿ ಬ್ಯಾಟರಿಗೆ ಹಚ್ಚಿದ, ಬಲ್ಬು ಬೆಳ್ಳಗೆ ಉರಿಯಿತು. ಅದೇ ಬಲ್ಬನ್ನು ಬಾಗಿಲಿನ ಮೋಟರಿಗೆ ಬರುವ ವೈರಿಗೆ ಹಚ್ಚಿ ಗುಂಡಿ ಒತ್ತಿದ, ಬೀಡಿಯ ಕೆಂಡದಷ್ಟೇ ಕೆಂಪಗಾಯಿತು. “ಮೋಟರ್ ಏನೂ ಕೆಟ್ಟಿಲ್ರೀ ಅಕ್ಕಾರ. ಅದಕ್ಕ ಹೊಟ್ಟಿತುಂಬ ಕರೆಂಟ್ ಹೋಗವಲ್ದು, ಉಪಾಸ ದುಡಿಯಾಕತ್ತೈತಿ” ಎಂದ. ಬಿ.ಎಸ್ಸಿ.ಯಲ್ಲಿ ಫಿಜಿಕ್ಸ್ ಓದಿದ ನನಗೆ ತಟ್ಟನೆ ಅರ್ಥವಾಯಿತು. ಹಳೆಯ ಸಣ್ಣ ವೈರಿನಲ್ಲಿ, ತುಕ್ಕು ಹಿಡಿದ ಗುಂಡಿಯಲ್ಲಿ, ಕರೆಂಟು ದಾರಿಯಲ್ಲೇ ಸವೆದುಹೋಗುತ್ತಿತ್ತು. ಐದಾರು ವರ್ಷ ಒಲೆಯ ಮುಂದೆ ಮರೆತದ್ದೆಲ್ಲ ನೆನಪಾಗಿ ನನಗೆ ಖುಷಿಯಾಯಿತು ಎಂದೂ ಬರೆಯುತ್ತೇನೆ.

ಶುಕ್ರವಾರ, ಶನಿವಾರ ಅವನು ಹೊಸ ವೈರು ಎಳೆದ. ಪೆನ್ಸಿಲಿನಷ್ಟು ದಪ್ಪದ ಕೆಂಪು ವೈರು ಬ್ಯಾಟರಿಯಿಂದ ನೇರ ಬಾಗಿಲುಗಳಿಗೆ, ನಡುವೆ ಟಕ್ ಎನ್ನುವ ರಿಲೇ ಡಬ್ಬಿಗಳು. ಮೊದಲು ಕರೆಂಟು ಚಾವಿಯ ಮೂಲಕ ಬರುತ್ತಿತ್ತು, ಚಾವಿ ತಿರುಗಿಸದೆ ಗ್ಲಾಸು ಅಲುಗುತ್ತಿರಲಿಲ್ಲ. ಈಗ ಚಾವಿಯ ದಾರಿ ಬಿಟ್ಟುಹೋಗಿದೆ. ಹಿಂದಿನ ಗ್ಲಾಸುಗಳನ್ನು ಬಂದ್ ಮಾಡಲು ಡ್ರೈವರ್ ಬಾಗಿಲಿನಲ್ಲಿರುವ ಲಾಕ್ ಗುಂಡಿ ಇದೆಯಲ್ಲ, ಅದೂ ಈಗ ಬರೀ ಗುಂಡಿ. ಸಮಯ ಸಾಲದೆ ಹೀಗೆ ಜೋಡಿಸಿದ. ಶನಿವಾರ ನಾಲ್ಕು ಗಂಟೆಗೆ ಕೆಲಸ ಮುಗಿಸಿ, ಚಾವಿಯ ಗೊಂಚಲನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯಿಂದ ಗುಂಡಿ ಒತ್ತಿ ನನಗೆ ತೋರಿಸಿದ. ಒಂದು, ಎರಡು, ಮೂರು. ಮೂರಕ್ಕೆ ಗ್ಲಾಸು ಮೇಲೆ ಬಡಿಯಿತು. “ಈಗ ಚಾವಿ ಕಿಸೇದಾಗಿದ್ರೂ ಏರತೈತ್ರಿ, ಅಷ್ಟು ಖಬರ್ ಇರ್ಲಿ” ಎಂದ. ದೆವ್ವ ಹೊಕ್ಕಂಗ ಐತಲ್ಲೋ ಎಂದು ಅವ್ವ ಬಾಯಿಗೆ ಸೆರಗು ಹಚ್ಚಿದಳು. ಅವಳನ್ನು ನಗಿಸಲು ಗೌಸ್‌ಸಾಬ್ ಅವಳ ಕಾಯಿಪಲ್ಲೆ ಬುಟ್ಟಿಯಿಂದ ಒಂದು ಸೌತೆಕಾಯಿ ತೆಗೆದು ಗ್ಲಾಸಿನ ಮೇಲೆ ಅಡ್ಡ ಹಿಡಿದು ಗುಂಡಿ ಒತ್ತಿದ. ಗ್ಲಾಸು ನಿಲ್ಲಲಿಲ್ಲ. ಸೌತೆಕಾಯಿ ಚೌಕಟ್ಟಿಗೆ ಒತ್ತಿ, ಕರ್ ಎಂದು ಒಡೆದು, ನೀರು ಬಾಗಿಲಿನ ಮೇಲೆ ಇಳಿಯಿತು. ಎಲ್ಲರೂ ನಕ್ಕೆವು. ನಾನು ಚಪ್ಪಾಳೆಯನ್ನೂ ತಟ್ಟಿದೆ.

ಐದು ಗಂಟೆಗೆ ವೆಂಕೋಬ ಬಂದ. ನಾಲ್ಕೂ ಗ್ಲಾಸು ಏರಿಸಿ ಇಳಿಸಿ ನೋಡಿ, “ವೈನೀ, ರಿಪೇರಿ ಮಾಡಿಸೀರೋ, ಮಾಟ ಮಾಡಿಸೀರೋ?” ಎಂದು ಚೇಷ್ಟೆ ಮಾಡಿದ. ಅವನು ನೋಡಿದ್ದು ಇಂಜಿನ್ ಚಾಲೂ ಇಟ್ಟುಕೊಂಡು. ಗ್ಲಾಸು ಈಗ ಭಾಳ ಜೋರಾಗಿ ಏರುತ್ತದೆ, ಗದ್ದಿಯ ಕೈ ಅದರ ಹತ್ತಿರ ಹೋಗದ ಹಾಗೆ ನೋಡಿಕೋ ಎಂದೆ. “ಚಾವಿ ನನ್ನ ಕೈಯಾಗ ಇರೂತನ ಏನೂ ಆಗಂಗಿಲ್ಲ ಬಿಡ್ರಿ” ಎಂದ. ಅಷ್ಟರಲ್ಲಿ ಕೂಸು ಅಳತೊಡಗಿತು, ಉಳಿದದ್ದನ್ನು ಹೇಳಲಾಗಲಿಲ್ಲ. ಕಾರು ಹೋಯಿತು. ನಾನು ಒಳಗೆ ಬಂದು ಗದ್ದಿಗೆಂದು ಹೊಲಿದಿಟ್ಟ ಲಂಗಕ್ಕೆ ಕೊನೆಯ ಗುಂಡಿ ಹಚ್ಚಿದೆ. ಸುಖವಾಗಿದ್ದೆ. ನಾಳೆ ಹೊತ್ತೇರುವುದರೊಳಗೆ ಅವಳು ನನ್ನ ತೊಡೆಯ ಮೇಲಿರುತ್ತಾಳೆ ಎಂದುಕೊಂಡೇ ಮಲಗಿದೆ.

ಆಮೇಲೆ ಆ ಮೋಟರಿನ ಸದ್ದು. ಈ ಕಡೆ ತ್ರೀಫೇಸ್ ಕರೆಂಟು ನಡುರಾತ್ರಿ ಬರುವುದು ನಿಮಗೆ ಗೊತ್ತು. ಯಾರು ಎದ್ದು ಹೋಗಬೇಕೆಂದು ತೋಟದವರು ಬಾವಿಯ ಸ್ಟಾರ್ಟರಿಗೆ ಆಟೋ ಕೂರಿಸಿದ್ದಾರೆ. ಕರೆಂಟು ಬಂದ ಕೂಡಲೇ ಮೋಟರು ತಾನೇ ತಿರುಗುತ್ತದೆ, ಬಾವಿಯ ಹತ್ತಿರ ನರಪಿಳ್ಳೆ ಇರುವುದಿಲ್ಲ. ದಿನವೂ ಕೇಳುವ ಸದ್ದೇ. ಇವತ್ತು ನಿದ್ದೆಗಣ್ಣಿನಲ್ಲಿ ಅದು ಕಾರಿನ ಬಾಗಿಲೊಳಗಿನ ಮೋಟರಿನ ಹಾಗೆ ಕೇಳಿಸಿತು. ಚಾವಿ ಹಿಡಿದ ಕೈ ಎಲ್ಲೋ ಇದೆ, ಮೋಟರು ತನ್ನ ಪಾಡಿಗೆ ತಿರುಗುತ್ತಿದೆ. ಎದ್ದು ಕುಳಿತೆ, ಮಸ್ಕಿ ಕಣ್ಣ ಮುಂದೆ ಬಂತು.

ಮಸ್ಕಿಯಲ್ಲಿ ನೀವೂ ಗದ್ದಿಯೂ ಆಡುವ ಆಟ. ಹೋದ ದೀಪಾವಳಿಗೆ ಇಲ್ಲಿಗೆ ಬರುವಾಗ ಮಸ್ಕಿಯ ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ತಿನ್ನಲು ನಿಲ್ಲಿಸಿದ್ದಿರಿ. ಗದ್ದಿ ಹಿಂದಿನ ಎಡಗಡೆಯ ಸೀಟಿನ ಮೇಲೆ ಮೊಣಕಾಲೂರಿ, ಗುಡ್ಡ ನೋಡುತ್ತೇನೆಂದು ಕುತ್ತಿಗೆಯತನಕ ತಲೆ ಹೊರಗೆ ಹಾಕಿದ್ದಳು. ನೀವು ಮುಂದೆ ಕುಳಿತು ಗುಂಡಿ ಒತ್ತಿದಿರಿ. ಗ್ಲಾಸು ತೆವಳುತ್ತ ಮೇಲೆ ಬಂದು ಅವಳ ಗದ್ದಕ್ಕೆ ತಾಗಿ, ಅಲ್ಲೇ ನಿಂತು, ಸೋತ ಎತ್ತಿನ ಹಾಗೆ ನರಳಿತು. “ಅವ್ವಾ, ಗ್ಲಾಸಪ್ಪ ನನಗ ಕಚಗುಳಿ ಮಾಡಾಕತ್ಯಾನ” ಎಂದು ಅವಳು ಕಿಲಕಿಲ ನಕ್ಕಳು. ಅಲ್ಲಿಂದ ಮುಂದೆ ಎಲ್ಲಿ ನಿಲ್ಲಿಸಿದರೂ ಅದೇ ಆಟ. ನೀವು ಒತ್ತದಿದ್ದರೆ ಅವಳೇ ಒತ್ತುತ್ತಾಳೆ. ಕೈಯಿಂದಲ್ಲ, ಮೊಣಕಾಲಿನಿಂದ. ಬಾಗಿಲಿನ ಕೈಯಿಡುವ ಜಾಗದಲ್ಲೇ ಗುಂಡಿ ಇದೆ. ತಲೆ ಹೊರಗೆ ಹಾಕಲು ಅವಳು ಅದರ ಮೇಲೇ ಮೊಣಕಾಲೂರಿ ಏರುತ್ತಾಳೆ. ಆ ಗ್ಲಾಸು ಅವಳಿಗೆ ಗೆಳೆಯ. ಅದು ಗದ್ದಕ್ಕೆ ಬಂದಾಗ ಅವಳು ತಲೆ ಹಿಂದಕ್ಕೆ ಎಳೆಯುವುದಿಲ್ಲ, ನಗುತ್ತ ಕಾಯುತ್ತಾಳೆ. ಮೊದಲು ಅದಕ್ಕೆ ಶಕ್ತಿಯಿರಲಿಲ್ಲ, ಈಗ ಇದೆ. ಮೂರು ಎಣಿಸುವುದರೊಳಗೆ ಅವಳು ಏನು ಮಾಡಿಯಾಳು? ಕುತ್ತಿಗೆ ಸಿಕ್ಕ ಮೇಲೆ ಮೈಯ ಭಾರವೆಲ್ಲ ಅದೇ ಮೊಣಕಾಲಿನ ಮೇಲೆ, ಅದೇ ಗುಂಡಿಯ ಮೇಲೆ. ಕೂಗಲೂ ಆಗುವುದಿಲ್ಲ.

ಇನ್ನು ನೀವು ಊರಿಗೆ ಹೊರಡುವ ರೀತಿ. ಅಡ್ಡ ಬರುತ್ತಾಳೆಂದು ಮೊದಲು ಗದ್ದಿಗೆ ಬಟ್ಟೆ ಹಾಕಿ, ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಗಾಳಿಗೆಂದು ಗ್ಲಾಸು ಅರ್ಧ ಇಳಿಸಿ, ಬಾಗಿಲು ಹಾಕಿ, ಚಾವಿ ಕಿಸೆಯಲ್ಲಿಟ್ಟುಕೊಂಡು ಒಳಗೆ ಬರುತ್ತೀರಿ. ಆಮೇಲೆ ಅರ್ಧ ತಾಸು ಗಂಟು ಕಟ್ಟುವುದು, ಅತ್ತೆಯವರು ಬೀಗ ಹಾಕಿ, ತೆಗೆದು, ಮತ್ತೆ ಹಾಕುವುದು. ಮಗು ಒಂಟಿಯಾಗಿ ಇದೆಯಲ್ಲ ಎಂದು ನಾನು ಆಕ್ಷೇಪಿಸಿದಾಗಲೆಲ್ಲ ನೀವು ಕಿಸೆ ತಟ್ಟಿ ತೋರಿಸುತ್ತಿದ್ದಿರಿ, “ಚಾವಿ ಇಲ್ಲೈತಿ, ಗಾಡಿ ಏನು ಹಾರಿ ಹೋಗತೈತೇನು?” ಎಂದು. ಅದು ಸರಿಯೇ ಇತ್ತು. ನಿನ್ನೆ ಸಂಜೆಯವರೆಗೆ ಸರಿಯಿತ್ತು. ಐದು ಗಂಟೆಗೆ ರಾಜಾಬೀ ಹಾಲಿನ ಕ್ಯಾನು ಹೊತ್ತು ಓಣಿಗೆ ಬರುತ್ತಾಳೆ. ಅವಳ ದನಿ ಕೇಳಿದರೆ ಗದ್ದಿ ಮನೆಯಲ್ಲಿದ್ದರೆ ಬಾಗಿಲಿಗೆ ಓಡುತ್ತಾಳೆ, ಕಾರಿನಲ್ಲಿದ್ದರೆ ತಲೆ ಹೊರಗೆ ಹಾಕುತ್ತಾಳೆ. ಇವತ್ತು ಐದಕ್ಕೆ ಅವಳನ್ನು ಕಾರಿನಲ್ಲಿ ಕೂರಿಸಿರುತ್ತೀರಿ.

ಮಾಡಬೇಕಾದದ್ದು ಇಷ್ಟು. ವೆಂಕೋಬನನ್ನು ಎಬ್ಬಿಸಿರಿ. ನಾಲ್ಕೂ ಗ್ಲಾಸುಗಳನ್ನು ಪೂರ್ತಿ ಕೆಳಗೆ ಇಳಿಸಲು ಹೇಳಿರಿ. ಆಮೇಲೆ ಬಾನೆಟ್ ಎತ್ತಿದರೆ ಬ್ಯಾಟರಿಯ ಪಕ್ಕದಲ್ಲಿ ಹೊಸ ಕೆಂಪು ವೈರು ಕಾಣುತ್ತದೆ, ಅದರ ನಡುವೆ ಬೆಂಕಿಪೆಟ್ಟಿಗೆಗಿಂತ ಸಣ್ಣದಾದ ಕರೀ ಡಬ್ಬಿ, ಅದರೊಳಗೆ ಫ್ಯೂಜು. ಆ ಫ್ಯೂಜು ಕಿತ್ತು ಕಿಸೆಗೆ ಹಾಕಿಕೊಳ್ಳಿರಿ. ಆಗ ಗ್ಲಾಸುಗಳು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಮೊದಲು ಫ್ಯೂಜು, ಆಮೇಲೆ ಗದ್ದಿ. ದಾರಿಯುದ್ದಕ್ಕೂ ಅವಳು ನಿಮ್ಮ ತೊಡೆಯ ಮೇಲಿರಲಿ, ಅತ್ತಾಳು, ಅಳಲಿ. ಅವ್ವನಿಗೆ ಈಗಷ್ಟೇ ಎಲ್ಲ ಹೇಳಿದೆ. ಗ್ಲಾಸು ತೆರೆದೇ ಇರುತ್ತದೆ, ಕಳಿಸುತ್ತೀಯೋ ಇಲ್ಲವೋ ಎಂದು ಕೇಳಿದೆ. ಅವಳು ತೊಟ್ಟಿಲಿನ ಸೀರೆ ಸರಿಪಡಿಸುತ್ತ, “ಗಾಳಿಗೆ ಕಂಬಳಿ ಐತಿ” ಎಂದಳು. ಅಷ್ಟೇ ಅಂದಳು. ಗೌಸ್‌ಸಾಬನನ್ನು ಬೆಳಿಗ್ಗೆ ಕರೆಸುತ್ತೇನೆ, ಚಾವಿಯ ದಾರಿಗೆ ಮತ್ತೆ ಜೋಡಿಸುವವರೆಗೂ ಆ ಫ್ಯೂಜು ಹಿಂದಕ್ಕೆ ಹೋಗಬಾರದು. ಎರಡು ದಿನ ಹಿಡಿದರೆ ನೀವೆಲ್ಲ ಎರಡು ದಿನ ಇಲ್ಲೇ ಉಳಿಯಿರಿ. ಯುಗಾದಿ ಕಳೆದ ಮೇಲೆ ಕಳಿಸುತ್ತಾರೆಂದರೆ ಆಗಲೇ ಬರುತ್ತೇನೆ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿರಿ. ವೆಂಕೋಬನಿಗೆ ಬೈಯಬೇಡಿರಿ. ಗದ್ದಿಗೆ ನನ್ನ ಮುತ್ತು, ಅವಳ ತಮ್ಮ ಈಗ ದನಿ ಬಂದ ಕಡೆಗೆ ತಿರುಗುತ್ತಾನೆಂದು ಹೇಳಿರಿ. ಕೈ ಮುಗಿದು ಕೇಳುತ್ತೇನೆ, ಈ ಒಂದು ಸಲ ನನ್ನ ಹೆದರಿಕೆಗೆ ನಗಬೇಡಿರಿ.

ನಿಮ್ಮ
ಅಮರಮ್ಮ

ತಾ.ಕ.: ಕರಿಬಸಯ್ಯನವರು ಸೈಕಲ್ ಹೊರಗೆ ತೆಗೆದರು, ಬೇಗ ಬರೆಯುತ್ತೇನೆ. ಮೇಲೆ ಎರಡು ಸುಳ್ಳು ಬರೆದಿದ್ದೇನೆ. ಗೌಸ್‌ಸಾಬ್ ತಾನಾಗಿ ಹಾಗೆ ಜೋಡಿಸಲಿಲ್ಲ. ಡ್ಯಾಶ್‌ಬೋರ್ಡ್ ಬಿಚ್ಚಿ ಚಾವಿಯ ಲೈನಿಗೆ ಕೊಡಬೇಕು, ಮನ್ಯಾಗ ಸಣ್ಣ ಮಕ್ಕಳದಾವ, ಇನ್ನೊಂದು ದಿನ ಬಿಡ್ರಿ ಎಂದು ಅವನು ಎರಡು ಸಲ ಹೇಳಿದ. ಬೇಡ, ಇವತ್ತೇ ಮುಗಿಯಬೇಕು ಎಂದವಳು ನಾನು. ವೆಂಕೋಬ ಹೊರಟಾಗ ಕೂಸು ಅಳುತ್ತಿರಲಿಲ್ಲ, ತೊಟ್ಟಿಲಲ್ಲಿ ಮಲಗಿತ್ತು. ಚಾವಿಯ ವಿಷಯ ನನ್ನ ಬಾಯಿಯತನಕ ಬಂದಿತ್ತು. ಹೇಳಿದರೆ ಅವನು ಕಾರು ಇಲ್ಲೇ ಬಿಟ್ಟು ಬಸ್ಸಿಗೆ ಹೋಗುತ್ತಿದ್ದ, ರವಿವಾರ ತಪ್ಪುತ್ತಿತ್ತು, ಗದ್ದಿಯನ್ನು ಇನ್ನೂ ಹದಿನೈದು ದಿನ ನೋಡಲಾಗುತ್ತಿರಲಿಲ್ಲ. ಅದಕ್ಕೇ ನುಂಗಿಕೊಂಡೆ. ನಾಳೆ ನಾನೇ ಹೇಳಿದರಾಯಿತು, ಒಂದು ರಾತ್ರಿಯಲ್ಲಿ ಏನಾಗುತ್ತದೆ ಎಂದುಕೊಂಡೆ. ಬೈಯುವುದಿದ್ದರೆ ನನ್ನನ್ನು ಬೈಯಿರಿ, ಎದುರಿಗೆ ಕೂತು ಕೇಳುತ್ತೇನೆ. ಈಗ ಗದ್ದಿಯನ್ನು ಎತ್ತಿಕೊಂಡು ನಡೆದುಕೊಂಡೇ ಬಸ್‌ಸ್ಟ್ಯಾಂಡ್ ಎದುರಿನ ಬೂತಿಗೆ ಬನ್ನಿರಿ, ಅದು ರಾತ್ರಿಯಿಡೀ ತೆರೆದಿರುತ್ತದೆ. ಇಲ್ಲಿಯ ನಂಬರು ಲಕೋಟೆಯ ಹಿಂದೆ ಬರೆದಿದ್ದೇನೆ. ಫೋನನ್ನು ಹಾಸಿಗೆಯ ಹತ್ತಿರ ಎಳೆದಿಟ್ಟುಕೊಂಡು ಕುಳಿತಿದ್ದೇನೆ. ನೀವೇನೂ ಮಾತಾಡದಿದ್ದರೂ ನಡೆದೀತು, ಅವಳ ಕೈಗೆ ರಿಸೀವರ್ ಕೊಟ್ಟು ಒಮ್ಮೆ ಅವ್ವಾ ಅನ್ನಿಸಿರಿ. ಬೆಳಕು ಹರಿಯುವುದರೊಳಗೆ, ನಿಮ್ಮ ಕಾಲಿಗೆ ಬೀಳುತ್ತೇನೆ, ಫೋನ್ ಮಾಡಿರಿ.